ಟರ್ಮಿನಲ್ ರಾಯರು

ಕುವೈತಿನ ಕನ್ನಡಿಗರಲ್ಲಿ ಟರ್ಮಿನಲ್ ರಾಯರನ್ನು ಗುರುತಿಸಲು ಶುಕ್ರವಾರದ ಊಟದ ಹೊತ್ತೇ ಪ್ರಶಸ್ತ. ಸಾಲ್ಮಿಯಾದ ಯಾವುದೋ ಫ್ಲ್ಯಾಟಿನಲ್ಲಿ ಉಳಿದವರ ಕೈ ಬಿಸಿಬೇಳೆಬಾತಿನಲ್ಲಿದ್ದರೆ ಇವರ ಕೈ ಕೀಬೋರ್ಡಿನ ಮೇಲೆ. ಕುವೈತಿಗೆ ಶುಕ್ರವಾರ, ಶನಿವಾರ ರಜೆ. ಬೆಂಗಳೂರಿನ ಆಫೀಸಿಗೆ ಶನಿವಾರ, ಭಾನುವಾರ. ಎರಡನ್ನೂ ಸಂಭಾಳಿಸುವವರಿಗೆ ಉಳಿಯುವುದು ಶನಿವಾರವೊಂದೇ. ಅದನ್ನೂ ಸರ್ವರುಗಳಿಗೆ ಪ್ಯಾಚ್ ಹಾಕಲು ಮೀಸಲಿಟ್ಟಿರುತ್ತಾರೆ. ಮೌಸ್ ಮುಟ್ಟಿದರೆ ಮೈಲಿಗೆಯೇನೋ ಎಂಬಂತೆ ಕಪ್ಪು ಪರದೆಯಲ್ಲಿ ಕಮಾಂಡ್ ಕುಟ್ಟುವುದನ್ನು ಕಂಡವರು ಜಂಬ ಎನ್ನುತ್ತಾರೆ. ನನಗೆ ಅಲ್ಲಿ ಕಾಣುವುದು ಸೋಮಾರಿತನ, ಅದೂ ಬಹಳ ಲೆಕ್ಕ ಹಾಕಿ ಮಾಡಿದ ಸೋಮಾರಿತನ.

ಸಾಕ್ಷಿ ಬೇಕಾದಷ್ಟಿದೆ. ಪಾಸ್‌ವರ್ಡ್ ಒತ್ತುವ ಶ್ರಮ ಬೇಡವೆಂದು ರಾಯರು ಕೀ ಮಾಡಿಟ್ಟಿದ್ದಾರೆ. ಐಪಿ ಅಡ್ರೆಸ್ ನೆನಪಿಡಲಾಗದೆ ಪ್ರತಿ ವರ್ಚುವಲ್ ಮಷೀನಿಗೂ ಮೂರಕ್ಷರದ ಅಡ್ಡಹೆಸರಿಟ್ಟಿದ್ದಾರೆ. ಹೆಲ್ಸಿಂಕಿಯ ತಾತು ಯ್ಲೋನೆನ್ 1995ರಲ್ಲಿ, ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಬರೆದದ್ದು ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಪಾಸ್‌ವರ್ಡ್ ಕದ್ದ ಮೇಲೆ ಎಂಬ ಕಥೆಯನ್ನು ಅವರು ಭಕ್ತಿಯಿಂದ ಹೇಳುತ್ತಾರೆ. ಆದರೆ ಅದೇ ಎಸ್‌ಎಸ್‌ಎಚ್ ಹೊಸ ಯಂತ್ರದ ಫಿಂಗರ್‌ಪ್ರಿಂಟ್ ತೋರಿಸಿ 'ಮುಂದುವರಿಯಲೇ?' ಎಂದರೆ ಓದದೆ 'ಯೆಸ್'. ಕುವೈತ್ ಸರ್ಕಾರ 2024ರ ಕೊನೆಯೊಳಗೆ ಬಯೋಮೆಟ್ರಿಕ್ ಕೊಡಿ ಎಂದಾಗ ಸಾಲಿನಲ್ಲಿ ನಿಂತು ಹತ್ತೂ ಬೆರಳೊತ್ತಿ ಬಂದ ಮನುಷ್ಯ, ಸರ್ವರಿನ ಬೆರಳನ್ನು ಮಾತ್ರ ನೋಡುವುದಿಲ್ಲ!

ಸೋಮಾರಿಗೆ ಇಷ್ಟೊಂದು ವಿದ್ಯೆ ಯಾಕೆ ಎಂದು ಕೇಳಬಹುದು. ಫೈರ್‌ವಾಲಿನಲ್ಲಿ ಒಂದು ಸಾಲು ತಪ್ಪಿದರೆ ಎಸ್‌ಎಸ್‌ಎಚ್ ಬಾಗಿಲು ತನಗೇ ಮುಚ್ಚಿಕೊಳ್ಳುತ್ತದೆ. ಆಗ 'ವಿರ್ಶ್ ಕನ್ಸೋಲ್' ಎಂಬ ಕಮಾಂಡ್ ಕೊಟ್ಟರೆ, ಗೆಸ್ಟನ್ನು, ಅಂದರೆ ವರ್ಚುವಲ್ ಮಷೀನನ್ನು, ಹೊತ್ತಿರುವ ಹೋಸ್ಟಿನ ಕಡೆಯಿಂದಲೇ, ಗೆಸ್ಟಿನ ನೆಟ್‌ವರ್ಕಿನ ಹಂಗಿಲ್ಲದೆ ಒಳಹೊಗಬಹುದು. ಅದು ಗೊತ್ತಿಲ್ಲದವನು ಡೇಟಾ ಸೆಂಟರಿಗೇ ಹೋಗಬೇಕಾದೀತು, ಅದೂ 2016ರ ಜುಲೈನಲ್ಲಿ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾದ ದೇಶದಲ್ಲಿ. ಒಂದು ಕಮಾಂಡ್ ಕಲಿಯುವುದೇ ವಾಸಿ. ಗೆಸ್ಟಿನಲ್ಲಿ ಸೀರಿಯಲ್ ಕನ್ಸೋಲ್ ಮೊದಲೇ ಸಿದ್ಧಪಡಿಸಿರದಿದ್ದರೆ ಪರದೆ ಸುಮ್ಮನಿರುತ್ತದೆ, ರಾಯರು ಎಂಟರ್ ಒತ್ತುತ್ತಲೇ ಇರುತ್ತಾರೆ. ಆ ಮಾತು ಬೇರೆ.

ಹಾಗಾದರೆ ಕಿರಿಯರಿಗೆ ಕಲಿಸಿ ಶುಕ್ರವಾರ ನೆಮ್ಮದಿಯಾಗಿ ಉಣ್ಣಬಾರದೇ? ಇದು ಗಟ್ಟಿ ಆಕ್ಷೇಪ. ಆದರೆ ಕಲಿಸುವುದೂ ಕೆಲಸವೇ. ಅಲ್ಲದೆ ಅಕಾಮಾ (ವಾಸದ ಪರವಾನಗಿ) ನವೀಕರಣದ ತಿಂಗಳಲ್ಲಿ, ಆ ಕಪ್ಪು ಪರದೆ ಇವರೊಬ್ಬರ ಮಾತನ್ನೇ ಕೇಳುತ್ತದೆ ಎಂದು ಮ್ಯಾನೇಜರು ನಂಬಿಕೊಂಡಿದ್ದರೆ ನಷ್ಟವೇನೂ ಇಲ್ಲವಲ್ಲ.