ಐದು ತಾಲ್ಲೂಕಿಗೆ ಒಂದೇ ಚಿರತೆ

ನಮ್ಮ ಕಡೆ ಒಂದು ಚಿರತೆ ಇದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕಿನಲ್ಲಿ ಅದು ಒಂದೇ ರಾತ್ರಿ ಕಾಣಿಸಿಕೊಳ್ಳುತ್ತದೆ. ಸಂಜೆ ಏಳಕ್ಕೆ ಕೊಟ್ಟೂರಿನ ವಾಟ್ಸಾಪ್ ಗ್ರೂಪಿನಲ್ಲಿ ಕೆರೆ ಏರಿಯ ಮೇಲೆ, ಎಂಟಕ್ಕೆ ಹಡಗಲಿಯ ಗ್ರೂಪಿನಲ್ಲಿ ಮಲ್ಲಿಗೆ ತೋಟದ ಬದುವಿಗೆ, ಊಟದ ಹೊತ್ತಿಗೆ ಹರಪನಹಳ್ಳಿಯಲ್ಲಿ. ಅದೇ ಕಾಂಪೌಂಡು, ಅದೇ ಬೀದಿದೀಪ, ಅದೇ ನೆಗೆತ. ಕೆಳಗೆ ಬರೆದ ಊರಿನ ಹೆಸರು ಮಾತ್ರ ಬೇರೆ. ‘ಎಲ್ಲರೂ ಎಚ್ಚರಿಕೆಯಿಂದಿರಿ, ಆದಷ್ಟು ಶೇರ್ ಮಾಡಿ’ ಎಂಬ ಒಕ್ಕಣೆಯೂ ಅದೇ. ನಮ್ಮ ಗುಡ್ಡಗಳಲ್ಲಿ ನಿಜವಾದ ಚಿರತೆ, ಕರಡಿಗಳಿಲ್ಲ ಅಂತಲ್ಲ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವೇ ಇದೆ. ಆದರೆ ನಿಜವಾದ ಪ್ರಾಣಿಗಳಿಗೆ ಹೊಟ್ಟೆಪಾಡಿನ ಚಿಂತೆ. ವಿಡಿಯೊಗೆ ನಿಲ್ಲಲು ಪುರುಸೊತ್ತಿಲ್ಲ.

ಎಐ ಬಂದಮೇಲೆ ಈ ಚಿರತೆ ಸ್ವಲ್ಪ ಮೈದುಂಬಿಕೊಂಡಿದೆ. ಮೈ ಮೇಲಿನ ಚುಕ್ಕಿಗಳು ಈಗಷ್ಟೇ ಇಸ್ತ್ರಿ ಮಾಡಿಸಿದಂತೆ. ಮೊನ್ನೆ ಒಗ್ಗರಣಿ ಮಿರ್ಚಿ ಅಂಗಡಿಯಲ್ಲಿ ಒಬ್ಬ ಹುಡುಗ ಇಂಥದೊಂದು ಹೊಸ ಚಿರತೆಯನ್ನು ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ ತೋರಿಸಿಕೊಂಡು ಬಂದ. ಎಲ್ಲರೂ ಹೌಹಾರುತ್ತಿದ್ದರು. ತುದಿಯಲ್ಲಿ ಕೂತಿದ್ದ ಹಿರಿಯರೊಬ್ಬರು ಕನ್ನಡಕ ಏರಿಸಿ ನೋಡಿ, ಮಿರ್ಚಿ ಕಡಿಯುತ್ತಲೇ ತೀರ್ಪು ಕೊಟ್ಟರು: “ಇದು ನಮ್ಮ ಕಡೀದಲ್ಲ ಬಿಡು.”

“ಹೆಂಗ ಹೇಳ್ತಿ ಕಾಕಾ?”

“ರಸ್ತಿ ನೋಡಪಾ. ಒಂದರ ತಗ್ಗು ಐತೇನು?”

ಹುಡುಗ ಬಿಡಲಿಲ್ಲ. ಕೂಡ್ಲಿಗಿ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50 ಇರಬಹುದಲ್ಲ ಎಂದ. “ಹೈವೇ ಆದ್ರ ಡಿವೈಡರ್ ಎಲ್ಲೈತಿ?” ಎಂದರು ಕಾಕಾ. ಪ್ರಕರಣ ಅಲ್ಲಿಗೆ ವಜಾ. ಎಐ ಮಾಡಿದ ಚಿತ್ರವನ್ನು ಗುರುತಿಸಲೆಂದು ಗೂಗಲ್‌ನವರು 2023ರಲ್ಲಿ ಸಿಂಥ್‌ಐಡಿ ಎಂಬ, ಕಣ್ಣಿಗೆ ಕಾಣದ ಗುರುತನ್ನು ಚಿತ್ರದೊಳಗೇ ಹುದುಗಿಸುವ ತಂತ್ರವನ್ನು ತಂದರು. ನಮ್ಮ ಲೋಕೋಪಯೋಗಿ ರಸ್ತೆಗಳು ಆ ಕೆಲಸವನ್ನು ಎಷ್ಟೋ ವರ್ಷದಿಂದ ಕಣ್ಣಿಗೆ ಕಾಣುವಂತೆಯೇ ಮಾಡುತ್ತಿವೆ. ಅಭಿವೃದ್ಧಿಯಾದರೆ ನಮ್ಮ ಸುದ್ದಿಯ ಸತ್ಯಾಸತ್ಯತೆ ಏನಾಗುತ್ತದೋ ಎಂಬ ಆತಂಕ ನನಗೀಗ ಶುರುವಾಗಿದೆ.

ಒಂದು ಕಾಲಕ್ಕೆ ನಮ್ಮೂರುಗಳಿಂದ ಸುದ್ದಿ ಹೊರಗೆ ಹೋಗುತ್ತಿದ್ದುದು ಬಸ್ಸಿನಲ್ಲಿ. ತಾಲ್ಲೂಕಿನ ಪತ್ರಿಕಾ ವರದಿಗಾರ ಎಂದರೆ ಸಾಮಾನ್ಯವಾಗಿ ಬೇರೆ ಕಸುಬೂ ಇದ್ದವರು. ಬೆಳಿಗ್ಗೆ ಅಂಗಡಿ, ಮಧ್ಯಾಹ್ನ ತಹಶೀಲ್ದಾರ್ ಕಚೇರಿ, ಸಂಜೆ ಒಂದು ಕವರು. ಅದರ ಮೇಲೆ ‘ಸುದ್ದಿ – ತುರ್ತು’ ಎಂದು ಬರೆದು ಕೆಂಪು ಬಸ್ಸಿನ ಕಂಡಕ್ಟರ್ ಕೈಗಿಡುತ್ತಿದ್ದರು. ಬಸ್ಸು ದಾರಿಯಲ್ಲಿ ಪಂಕ್ಚರ್ ಆದರೆ ಸುದ್ದಿಯೂ ಪಂಕ್ಚರ್. ಕಂಡಕ್ಟರ್ ಕೊಡಲು ಮರೆತರೆ ಹರಪನಹಳ್ಳಿಯಲ್ಲಿ ಆ ದಿನ ಏನೂ ನಡೆದಿಲ್ಲವೆಂದೇ ಅರ್ಥ. ಆಮೇಲೆ ಫ್ಯಾಕ್ಸ್ ಬಂತು, ಇ–ಮೇಲ್ ಬಂತು. ನುಡಿ ತಂತ್ರಾಂಶದಲ್ಲಿ ಟೈಪು ಮಾಡಿ ಕಳಿಸಿದ ವರದಿ ಫೋನಿನಲ್ಲಿ ತೆರೆದರೆ ಒಂದಕ್ಷರವೂ ಕನ್ನಡವಾಗಿ ಕಾಣದೆ, ಯಾರೋ ಕೀಲಿಮಣೆಯ ಮೇಲೆ ಕೋಳಿ ಬಿಟ್ಟಹಾಗೆ ಕಾಣುವ ಕಾಲವೂ ಬಂತು. ಯೂನಿಕೋಡ್ ರೂಢಿಯಾದ ಮೇಲೆ ಅದೂ ಹೋಯಿತು.

ಸುದ್ದಿಯ ದಿಕ್ಕು ತಿರುಗಿದ್ದನ್ನು ನಾವು ಕಣ್ಣಾರೆ ಕಂಡದ್ದು 2016ರಲ್ಲಿ. ಆ ಜೂನ್‌ನಲ್ಲಿ ಕೂಡ್ಲಿಗಿಯ ಡಿವೈಎಸ್‌ಪಿ ಆಗಿದ್ದ ಅನುಪಮಾ ಶೆಣೈ ರಾಜೀನಾಮೆ ಕೊಟ್ಟರು. ಬೆಂಗಳೂರಿನ ಟಿ.ವಿ. ವಾಹಿನಿಗಳ ಗಾಡಿಗಳು ಕೂಡ್ಲಿಗಿಗೆ ಬಂದಿಳಿದವು. ಬಂದವರೆಲ್ಲ ನೋಡುತ್ತಿದ್ದುದು ಮಾತ್ರ ಫೇಸ್‌ಬುಕ್ಕನ್ನು! ಶೆಣೈ ಅವರ ಪುಟದಲ್ಲಿ ಒಂದು ಸಾಲು ಬಿದ್ದರೆ ಸಾಕು, ಟಿ.ವಿ. ಪರದೆಯ ಅಡಿಯಲ್ಲಿ ಕೆಂಪು ಪಟ್ಟಿ ಓಡುತ್ತಿತ್ತು. ಗಾಂಧೀಜಿಯ ಚಿತಾಭಸ್ಮದ ಸ್ಮಾರಕ ಇರುವ ಊರು ಅದು. ದೊಡ್ಡವರು ಬಂದು ಭಾಷಣ ಮಾಡಿದ್ದನ್ನು ಕಂಡಿದೆ. ಮಾತನಾಡುವವರು ಎದುರಿಗಿಲ್ಲದೆ, ಊರಿಗೂ ಕಾಣದೆ, ಒಂದು ಪೋಸ್ಟಿನಿಂದ ಇಡೀ ರಾಜ್ಯವನ್ನು ಕೂಡ್ಲಿಗಿಯ ಕಡೆ ತಿರುಗಿಸಿದ್ದು ಅದೇ ಮೊದಲು. ನಮ್ಮ ಹೋಟೆಲುಗಳಲ್ಲಿ ‘ಪೇಪರ್ ಬಂತಾ?’ ಎಂಬ ಪ್ರಶ್ನೆ ‘ಏನರ ಹಾಕ್ಯಾರಾ?’ ಎಂದಾಯಿತು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಿಯೊ ಶುರುವಾಯಿತು. ಅಲ್ಲಿಯವರೆಗೆ ಕುರಿ ಮಾರಿದ ದುಡ್ಡಿನಲ್ಲಿ ಡೇಟಾ ಹಾಕಿಸಬೇಕಾಗಿದ್ದವರು ಈಗ ಕುರಿ ಕಾಯುತ್ತಲೇ ಸಿನಿಮಾ ನೋಡತೊಡಗಿದರು. ಮುಂದಿನ ಫೆಬ್ರುವರಿಯಲ್ಲಿ, ಅಂದರೆ 2017ರಲ್ಲಿ, ಕೊಟ್ಟೂರೇಶ್ವರನ ತೇರು ಜನಸಾಗರದ ನಡುವೆ ಉರುಳಿಬಿತ್ತು. ಪುಣ್ಯಕ್ಕೆ ಆಗಬಹುದಾಗಿದ್ದ ದೊಡ್ಡ ಅನಾಹುತ ಆಗಲಿಲ್ಲ. ನಮ್ಮ ಬೀದಿಯವರು ಜಾತ್ರೆಯಲ್ಲೇ ಇದ್ದರು, ತೇರಿನಿಂದ ಇನ್ನೂರು ಹೆಜ್ಜೆ ಈಚೆ, ಬಳೆ ಅಂಗಡಿಯ ಮುಂದೆ. ಗದ್ದಲ ಕೇಳಿತೇ ಹೊರತು ಏನಾಯಿತೆಂದು ತಿಳಿಯಲಿಲ್ಲ. ತಿಳಿದದ್ದು ಅವರಲ್ಲೊಬ್ಬರ ಮಗ ಬೆಂಗಳೂರಿನಿಂದ ಫೋನ್ ಮಾಡಿ “ತೇರು ಬಿತ್ತಂತಲ್ಲ, ನೀವೆಲ್ಲ ಆರಾಮಿದ್ದೀರಾ?” ಎಂದು ಕೇಳಿದ ಮೇಲೆ. ಅವನು ಅದನ್ನು ಅಷ್ಟರಲ್ಲೇ ಮೂರು ಕಡೆಯಿಂದ ನೋಡಿ ಮುಗಿಸಿದ್ದ. ಜಾತ್ರೆಗೆ ಹೋದವರಿಗಿಂತ ಹೋಗದವರಿಗೇ ಹೆಚ್ಚು ಕಾಣುವ ಕಾಲ ಹೀಗೆ ಶುರುವಾಯಿತು.

ಈಗ ನಮ್ಮ ಐದು ತಾಲ್ಲೂಕುಗಳಲ್ಲಿ ಮೆಕ್ಕೆಜೋಳದ ನಂತರ ಹುಲುಸಾಗಿ ಬೆಳೆದಿರುವುದು ಯೂಟ್ಯೂಬ್ ಚಾನೆಲ್. ಬಂಡವಾಳ ಹೆಚ್ಚೇನಿಲ್ಲ: ಒಂದು ಫೋನು, ಹೆಸರು ಅಂಟಿಸಿದ ಚೌಕದ ಮೈಕು, ಬೈಕಿನ ಮೇಲೊಂದು ‘ಪ್ರೆಸ್’. ನಾನು ಇವರನ್ನು ಆಡಿಕೊಳ್ಳುವವನಲ್ಲ. ದೊಡ್ಡ ಪತ್ರಿಕೆಯವರು ಬಾರದ ಹಟ್ಟಿಗೆ ಹೋಗಿ, ಕುಡಿಯುವ ನೀರಿಲ್ಲ ಎಂದು ಕೊಡ ಹಿಡಿದು ನಿಂತ ಹೆಂಗಸರ ಮಾತು ಕೇಳಿಸಿದವರು ಇವರೇ. ಮರುದಿನ ಟ್ಯಾಂಕರ್ ಬಂದದ್ದೂ ಉಂಟು. ಆದರೆ ಯೂಟ್ಯೂಬಿನಿಂದ ಜಾಹೀರಾತಿನ ದುಡ್ಡು ಬರಬೇಕಾದರೆ ಸಾವಿರ ಚಂದಾದಾರರು ಬೇಕು, ವರ್ಷಕ್ಕೆ ನಾಲ್ಕು ಸಾವಿರ ಗಂಟೆ ಜನ ನೋಡಿರಬೇಕು. ವಿಡಿಯೊ ಎಂಟು ನಿಮಿಷ ಮುಟ್ಟಿದರೆ ನಡುವೆಯೂ ಜಾಹೀರಾತು ತೂರಿಸಬಹುದು. ಹೀಗಾಗಿ ನಮ್ಮಲ್ಲಿ ಯಾವ ಸುದ್ದಿಯೂ ಎಂಟು ನಿಮಿಷಕ್ಕೆ ಮುಂಚೆ ಮುಗಿಯುವುದಿಲ್ಲ. ಎಮ್ಮೆ ಕಳೆದುಹೋಗಿ ಐದು ನಿಮಿಷಕ್ಕೆ ಸಿಕ್ಕರೂ ಹುಡುಕಾಟ ಮುಂದುವರಿಯುತ್ತದೆ.

ಹರಪನಹಳ್ಳಿಯವರ ಪಾಡು ಬೇರೆ. ಈ ತಾಲ್ಲೂಕು ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಅಲ್ಲಿಗೆ ಹೋಯಿತು. ಸಂವಿಧಾನದ 371(ಜೆ) ವಿಧಿಯ ಸೌಲಭ್ಯಕ್ಕಾಗಿ ಹೋರಾಡಿ ಬಳ್ಳಾರಿಗೆ ಮರಳಿತು. ಮರಳಿ ಚೀಲ ಬಿಚ್ಚುವಷ್ಟರಲ್ಲಿ, 2021ರಲ್ಲಿ, ವಿಜಯನಗರ ಜಿಲ್ಲೆ ಆಯಿತು. ಜನ ಕೂತಲ್ಲೇ ಕೂತಿದ್ದರು, ಜಿಲ್ಲೆಗಳೇ ಬಂದು ಹೋದವು. ಆನ್‌ಲೈನ್ ಅರ್ಜಿ ತುಂಬಲು ಕೂತರೆ ಒಂದು ಜಾಲತಾಣ ದಾವಣಗೆರೆಯಲ್ಲಿ ಹುಡುಕು ಎನ್ನುತ್ತದೆ, ಇನ್ನೊಂದು ಬಳ್ಳಾರಿಯಲ್ಲಿ, ಮತ್ತೊಂದರ ಪಟ್ಟಿಯಲ್ಲಿ ವಿಜಯನಗರ ಇನ್ನೂ ಹುಟ್ಟೇ ಇಲ್ಲ. ಅಂಗಳದಲ್ಲಿ ನಿಂತ ಹಳೇ ಸ್ಕೂಟರು ಕೆಎ 17, ಮಗನ ಹೊಸ ಬೈಕು ಕೆಎ 35. ಮಗಳು ‘ವಿಜಯನಗರದಲ್ಲಿ ಕೆಲಸ’ ಎಂದು ಫೋನಿನಲ್ಲಿ ಹುಡುಕಿದರೆ ಬೆಂಗಳೂರಿನ ಮೆಟ್ರೊ ನಿಲ್ದಾಣದ ಪಕ್ಕದ ಬಟ್ಟೆ ಅಂಗಡಿ ಬರುತ್ತದೆ. ಕೃತಕವೋ ಸಹಜವೋ, ಬುದ್ಧಿ ಯಾವುದೇ ಇರಲಿ, ಮೊದಲು ಹರಪನಹಳ್ಳಿ ಎಲ್ಲಿದೆ ಎಂದು ತಿಳಿದುಕೊಂಡು ಬರಲಿ ಎಂಬುದು ಅಲ್ಲಿನವರ ಕೋರಿಕೆ.

ಇದನ್ನೆಲ್ಲ ಬರೆದು ನಗಿಸಬೇಕಾಗಿದ್ದವರು ಬೀಚಿ. ಅವರು ಹುಟ್ಟಿದ್ದು ಹರಪನಹಳ್ಳಿಯಲ್ಲೇ, 1913ರಲ್ಲಿ. ತೀರಿಕೊಂಡು ನಾಲ್ಕು ದಶಕ ದಾಟಿದರೂ ಅವರು ಸೃಷ್ಟಿಸಿದ ತಿಂಮ ಮಾತ್ರ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರದ ಜೊತೆ ನನ್ನ ಫೋನಿಗೆ ಬರುತ್ತಾನೆ. ಕೆಳಗೆ ಬೀಚಿಯ ಹೆಸರಿರುವುದಿಲ್ಲ. ಕೆಲವೊಮ್ಮೆ ತಿಂಮನ ಹೆಸರೂ ಬದಲಾಗಿ ‘ಗುಂಡ’ ಆಗಿರುತ್ತದೆ. ಕಳಿಸಿದವರು ನಾನು ನಗಲಿಲ್ಲ ಎಂದು ಮಧ್ಯಾಹ್ನ ಇನ್ನೊಮ್ಮೆ ಕಳಿಸುತ್ತಾರೆ.

ಹಾಗೆ ನೋಡಿದರೆ ಚಿಕ್ಕದಾಗಿ ಹೇಳಿ ದೊಡ್ಡದಾಗಿ ಚರ್ಚೆ ಎಬ್ಬಿಸುವ ವಿದ್ಯೆಯನ್ನು ನಮಗೆ ಯಾವ ಕಂಪನಿಯೂ ಕಲಿಸಬೇಕಾಗಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಭವಿಷ್ಯ ನುಡಿಯುವ ಕಾರ್ಣಿಕ ಆಗುತ್ತದೆ. ಉಪವಾಸವಿದ್ದ ಗೊರವಯ್ಯ ಡೆಂಕನಮರಡಿಯಲ್ಲಿ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾರೆ. ಲಕ್ಷಗಟ್ಟಲೆ ಜನ, ಅಷ್ಟು ಹೊತ್ತು ಏಳುಕೋಟಿ ಏಳುಕೋಟಿ ಎಂದು ಕೂಗಿದ ಗಂಟಲುಗಳೆಲ್ಲ, ಒಮ್ಮೆಲೇ ತೆಪ್ಪಗಾಗುತ್ತವೆ. ಮೇಲಿನಿಂದ ಒಂದೇ ಒಂದು ಸಾಲು, ಕೊನೆಗೊಂದು ‘ಪರಾಕ್’. ಗೊರವಯ್ಯ ಕೆಳಗೆ ಬೀಳುತ್ತಾರೆ, ಜನ ಹಿಡಿದುಕೊಳ್ಳುತ್ತಾರೆ. ವಿವರಣೆ ಇಲ್ಲ, ಪ್ರಶ್ನೋತ್ತರ ಇಲ್ಲ. ಆ ನಾಲ್ಕು ಮಾತನ್ನು ಮಳೆಗೆ, ಬೆಳೆಗೆ, ರೋಗಕ್ಕೆ, ಮುಖ್ಯಮಂತ್ರಿಯ ಕುರ್ಚಿಗೆ ಹೊಂದಿಸಿಕೊಳ್ಳುವ ಕೆಲಸ ಕೇಳಿದವರಿಗೆ ಬಿಟ್ಟದ್ದು, ಮುಂದಿನ ಭರತ ಹುಣ್ಣಿಮೆಯವರೆಗೆ.

ಈಗಲೂ ಜನ ತೆಪ್ಪಗಾಗುತ್ತಾರೆ. ಕೈಗಳು ಮಾತ್ರ ಫೋನು ಹಿಡಿದು ಮೇಲೇರಿರುತ್ತವೆ. ಒಮ್ಮೆ ಆ ನಿಶ್ಶಬ್ದದಲ್ಲಿ ನನ್ನ ಪಕ್ಕ ಲೈವ್ ಕೊಡುತ್ತಿದ್ದ ಹುಡುಗನೊಬ್ಬ ಮೈಕನ್ನು ತುಟಿಗೊತ್ತಿಕೊಂಡು, “ವೀಕ್ಷಕರೇ, ಈಗ ಎಲ್ಲರೂ ಮೌನವಾಗಿದ್ದಾರೆ, ಎಲ್ಲರೂ ಮೌನವಾಗಿದ್ದಾರೆ” ಎಂದು ಹೇಳುತ್ತಲೇ ಇದ್ದ. ಅವನ ಲೈವ್‌ನಲ್ಲಿ ಗೊರವಯ್ಯನ ಮಾತು ಕೇಳಲೇ ಇಲ್ಲವಂತೆ. ಬೈಯಲು ಮನಸ್ಸಾಗಲಿಲ್ಲ, ಮೌನವನ್ನು ಹಾಗೇ ತೋರಿಸಿದರೆ ನೋಡುವವರು ನೆಟ್‌ವರ್ಕ್ ಹೋಗಿದೆ ಎಂದುಕೊಂಡು ಬೇರೆ ಚಾನೆಲ್ಲಿಗೆ ಹಾರುತ್ತಾರೆ. ಕಾರ್ಣಿಕದ ಹಿಂದಿನ ರಾತ್ರಿಯೇ ‘ಗೊರವಯ್ಯ ನುಡಿದ ಸ್ಫೋಟಕ ಭವಿಷ್ಯ’ ಎಂದು ತಲೆಬರಹ ಸಿದ್ಧ ಮಾಡಿಕೊಂಡವರೂ ಇದ್ದಾರೆ. ಪಾಪ ಗೊರವಯ್ಯ ಇನ್ನೂ ಬಿಲ್ಲನ್ನೇ ಮುಟ್ಟಿರುವುದಿಲ್ಲ. ಮೊದಲು ಮಾತು ಬರುತ್ತಿತ್ತು, ಅರ್ಥ ನಿಧಾನಕ್ಕೆ ನಡೆದುಕೊಂಡು ಬರುತ್ತಿತ್ತು. ಈಗ ಅರ್ಥ ಮೊದಲೇ ಬಂದು ಸೀಟು ಹಿಡಿದಿರುತ್ತದೆ. ನನಗೆ ಈ ಎಲ್ಲ ಬದಲಾವಣೆಯಲ್ಲಿ ನಿಜವಾಗಿ ಕಸಿವಿಸಿ ಆಗುವುದು ಇದೊಂದಕ್ಕೆ.

ಹೋದ ಸಲ ನನ್ನ ತಂಗಿಯ ಮಗ ಆ ವರ್ಷದ ಕಾರ್ಣಿಕವನ್ನು ಎಐಗೆ ಕೊಟ್ಟು ಅರ್ಥ ಕೇಳಿದ. ಅದು ಕಣ್ಣು ಮಿಟುಕಿಸುವುದರೊಳಗೆ ಶುದ್ಧ ಗ್ರಾಂಥಿಕ ಕನ್ನಡದಲ್ಲಿ ಉತ್ತರ ಕೊಟ್ಟಿತು: ಇದನ್ನು ಹಲವು ಬಗೆಯಲ್ಲಿ ಅರ್ಥೈಸಬಹುದು, ಉತ್ತಮ ಮಳೆಯ ಸೂಚನೆ ಇರಬಹುದು, ರಾಜಕೀಯ ಬದಲಾವಣೆಯೂ ಆಗಬಹುದು, ಆದರೆ ಖಚಿತವಾಗಿ ಹೇಳಲಾಗದು. ಅವನು ಅದನ್ನು ಗಟ್ಟಿಯಾಗಿ ಓದಿ ಹೇಳಿದ. ಮಿರ್ಚಿ ಅಂಗಡಿಯ ಬೆಂಚಿನ ಮೇಲಿದ್ದ ಅದೇ ಕಾಕಾ, “ಇಷ್ಟ ಹೇಳಾಕ ಅದು ಯಾಕ ಬೇಕು? ಇದನ್ನ ನಾ ನಲವತ್ತು ವರ್ಷದಿಂದ ಹೇಳಾಕತ್ತೀನಿ, ಒಂದು ಚಾ ಕುಡಿಸಿದ್ರ ಸಾಕಿತ್ತು” ಎಂದರು.

ಓದು ಬರಹ ಬಾರದವರನ್ನು ಈ ಹೊಸ ಮಾಧ್ಯಮ ಹೊರಗೆ ನಿಲ್ಲಿಸುತ್ತದೆ ಎಂದು ಮೊದಮೊದಲು ಪಂಡಿತರು ಹೆದರಿಸಿದ್ದರು. ಹಡಗಲಿ ಹತ್ತಿರದ ನಮ್ಮ ಚಿಗವ್ವನನ್ನು ನೋಡಿದರೆ ಹಾಗನ್ನಿಸುವುದಿಲ್ಲ. ಅಕ್ಷರ ಬಾರದು, ವಾಟ್ಸಾಪ್ ಬರುತ್ತದೆ. ಎಲ್ಲವೂ ಬಾಯಿಮಾತಿನ ಸಂದೇಶ. ಅದನ್ನು ಆಕೆ ಫೋನ್ ಕರೆಯೆಂದೇ ಭಾವಿಸಿದ್ದಾಳೆ. “ಆರಾಮಿದ್ದೀಯೇನಪಾ?” ಎಂದು ಕೇಳಿ ನಾನು ಉತ್ತರ ಕೊಡುವಷ್ಟು ಹೊತ್ತು ಸುಮ್ಮನಿರುತ್ತಾಳೆ, ಆಮೇಲೆ “ಹೂಂ, ನಾವೂ ಆರಾಮ” ಎನ್ನುತ್ತಾಳೆ. ನಡುವೆ ಕೋಳಿ ಕೂಗುತ್ತದೆ, ಯಾರೋ ಕಟ್ಟಿದ ಮಲ್ಲಿಗೆ ಮೊಳ ಎಣಿಸುತ್ತಿರುತ್ತಾರೆ. ನಾನೂ ರೂಢಿಯಾಗಿ, ಕೇಳುತ್ತ ಕೂತು, ಆ ಸಂದಿನಲ್ಲಿ “ಆರಾಮ ಚಿಗವ್ವ” ಎಂದುಬಿಡುತ್ತೇನೆ.

ಮೊನ್ನೆ ಊರಿಗೆ ಹೋದಾಗ ಮೊಮ್ಮಗಳು ಆಕೆಗೆ ಮಾತನಾಡುವ ಎಐ ತೋರಿಸಿಕೊಟ್ಟಿದ್ದಳು. ಚಿಗವ್ವ ಫೋನನ್ನು ತುಸು ದೂರ ಹಿಡಿದು, ಮನೆಗೆ ಬಂದವರನ್ನು ಕೇಳುವಂತೆ, “ಉಂಡ್ಯೇನಪಾ?” ಎಂದಳು. ಒಳಗಿನ ಗಂಡಸು ದನಿ, ತಾನೊಂದು ಕೃತಕ ಬುದ್ಧಿಮತ್ತೆ, ಊಟ ಮಾಡುವುದಿಲ್ಲ ಎಂದಿತು.

“ಉಣ್ಣಲಾರದ ಇಷ್ಟು ಮಾತಾಡಾಕ ಶಕ್ತಿ ಎಲ್ಲಿಂದ ಬರತೈತಿ ಇದಕ್ಕ?”

ಎಲ್ಲೋ ದೂರದ ದೊಡ್ಡ ಕಟ್ಟಡಗಳಲ್ಲಿ ಸಾವಿರಾರು ಕಂಪ್ಯೂಟರ್ ಹಗಲೂ ರಾತ್ರಿ ಓಡುತ್ತವೆ, ಅವಕ್ಕೆ ಊರೂರಿಗೇ ಸಾಕಾಗುವಷ್ಟು ಕರೆಂಟು ಬೇಕು ಎಂದು ಮೊಮ್ಮಗಳು ವಿವರಿಸಿದಳು. ಚಿಗವ್ವ ಫೋನನ್ನು ತಿರುಗಿಸಿ ಬೆನ್ನು ನೋಡಿದಳು, ಮತ್ತೆ ಮುಂದೆ ನೋಡಿದಳು.

“ಅಲ್ಲಲೇ, ನಮ್ಮ ಮೋಟರಿಗೆ ರಾತ್ರಿ ತ್ರೀ ಫೇಸ್ ಇರಲಾರದ್ದು ಇದರ ದೆಸಿಯಿಂದಾನ ಏನು?” ಎಂದಳು. ಮೊಮ್ಮಗಳು ಬೇಡ ಬೇಡ ಎನ್ನುವಷ್ಟರಲ್ಲಿ ಅದನ್ನೂ ಅದಕ್ಕೇ ಕೇಳಿದಳು. ಅದು ಕ್ಷಮೆ ಕೇಳಿ, ಸಂಬಂಧಪಟ್ಟ ವಿದ್ಯುತ್ ಸರಬರಾಜು ಕಚೇರಿಯನ್ನು ಸಂಪರ್ಕಿಸಿರಿ ಎಂದಿತು. “ಲೈನ್‌ಮನ್ನೂ ಹಿಂಗ ಅಂತಾನ” ಎನ್ನುತ್ತ ಚಿಗವ್ವ ಹೂವಿನ ಬುಟ್ಟಿ ಎತ್ತಿಕೊಂಡು ಎದ್ದಳು.