ಗುರುತಿನ ಚೀಟಿ ನೋಡುವ ಗ್ರಾಹಿಯ ಸಂದರ್ಶನ

ದೊಡ್ಡನೆಕ್ಕುಂದಿಯ ಹೊರವರ್ತುಲ ರಸ್ತೆಯ ಟೆಕ್ ಪಾರ್ಕೊಂದರ ಗೇಟಿನಲ್ಲಿ ರಾತ್ರಿಪಾಳಿಗೆ ನಿಂತ ಕಾವಲುಗಾರರೊಬ್ಬರ ರಕ್ತದಲ್ಲಿ, ಸೋಂಕು ತಗುಲಿದ ಕೋಶಗಳನ್ನೂ ಕ್ಯಾನ್ಸರ್ ಕೋಶಗಳನ್ನೂ ಕೊಲ್ಲುವ ಸಹಜ ಹಂತಕ ಕೋಶವೊಂದು ಗಸ್ತು ತಿರುಗುತ್ತಿತ್ತು. ಅದರ ಮೇಲ್ಮೈಯಲ್ಲಿರುವ ಕೆಐಆರ್ ಎಂಬ ಗ್ರಾಹಿಯು, ಅಂದರೆ ಹೊರಗಿನ ಅಣುವನ್ನು ಹಿಡಿದು ಒಳಕ್ಕೆ ಸಂಕೇತ ಕಳಿಸುವ ಪ್ರೋಟೀನು, ಸಂದರ್ಶನಕ್ಕೆ ಒಪ್ಪಿತು.

ಪ್ರಶ್ನೆ: ಹಂತಕ ಕೋಶದಲ್ಲಿ ಗ್ರಾಹಿಯ ಹುದ್ದೆ ಯಾವುದು?

ಕೆಐಆರ್: ಹತ್ಯೆಯನ್ನು ತಡೆಯುವ ಹುದ್ದೆ. ಗೇಟಿನಲ್ಲಿ ಕೊರಳ ಐಡಿ ಕಾರ್ಡು ನೋಡಿ ಒಳಬಿಡುವಂತೆ, ಆರೋಗ್ಯವಂತ ಕೋಶಗಳು ತೋರಿಸುವ ಎಚ್‌ಎಲ್‌ಎ ಎಂಬ ಗುರುತಿನ ಪ್ರೋಟೀನು ಸಿಕ್ಕ ಕೂಡಲೇ ಗ್ರಾಹಿಯ ಒಳಬಾಲವು ಫಾಸ್ಫಟೇಸ್ ಕಿಣ್ವಗಳನ್ನು ಕರೆದು ದಾಳಿಯ ಸಂಕೇತವನ್ನು ಆರಿಸುತ್ತದೆ.

ಪ್ರಶ್ನೆ: ಕಾರ್ಡು ಇಲ್ಲದವರ ಗತಿ?

ಕೆಐಆರ್: ಎಚ್‌ಎಲ್‌ಎಯನ್ನು ನೋಡಿಯೇ ಶತ್ರುವನ್ನು ಪತ್ತೆಹಚ್ಚುವ ಟಿ ಕೋಶಗಳೆಂಬ ರಕ್ಷಣಾ ಕೋಶಗಳ ಕಣ್ಣು ತಪ್ಪಿಸಲು ಕೆಲವು ವೈರಸ್‌ಗಳೂ ಗಡ್ಡೆಗಳೂ ಎಚ್‌ಎಲ್‌ಎಯನ್ನು ಮರೆಮಾಚುತ್ತವೆ, ಆಗ ತಡೆ ಸಡಿಲಗೊಂಡು ಹಂತಕ ಕೋಶ ಮುನ್ನುಗ್ಗಬಲ್ಲುದೆಂಬುದನ್ನು 1986ರಲ್ಲಿ ಸ್ವೀಡನ್ನಿನ ಕ್ಲಾಸ್ ಕೆರ್ರೆ ಮತ್ತು ಸಂಗಡಿಗರು ಇಲಿಗಳಲ್ಲಿ, ಅವುಗಳ ಸಮಾನ ಗುರುತಿನ ಪ್ರೋಟೀನಿನ ವಿಷಯದಲ್ಲಿ, ತೋರಿಸಿದರು. ಆದರೆ ಕಾರ್ಡಿಲ್ಲದ ಮಾತ್ರಕ್ಕೆ ಕೊಲ್ಲುವಂತಿಲ್ಲ. ಎನ್‌ಕೆಜಿ2ಡಿಯಂಥ ಪ್ರಚೋದಕ ಗ್ರಾಹಿಯೊಂದು ಎದುರಿನ ಕೋಶದಲ್ಲಿ ಒತ್ತಡದ ಕುರುಹನ್ನೂ ಕಂಡಿರಬೇಕು. ಇಷ್ಟು ವಿವೇಚನೆ ಪಾರ್ಕಿನ ಗೇಟಿಗೆ ಇನ್ನೂ ಬಂದಂತಿಲ್ಲ.

ಪ್ರಶ್ನೆ: ನೇಮಕಾತಿ ಯಾವಾಗ ಆಯಿತು?

ಕೆಐಆರ್: ತಡವಾಗಿ. ಸಿಡಿ56 ಎಂಬ ಗುರುತು ದಟ್ಟವಾಗಿರುವ ಎಳೆಯ ಕೋಶದಲ್ಲಿ ಮೊದಲು ಅಧಿಕಾರ ನಡೆಸುವುದು ಎಚ್‌ಎಲ್‌ಎ-ಇ ಅಣುವನ್ನು ಗುರುತಿಸುವ ಎನ್‌ಕೆಜಿ2ಎ ಗ್ರಾಹಿ. ಕೋಶ ಬಲಿತು ಸಿಡಿ56 ತಗ್ಗಿದ ಬಳಿಕ ಕೆಐಆರ್ ಬರುತ್ತದೆ. ಪ್ರತಿಕಾಯ ಅಂಟಿದ ಕೋಶವನ್ನು ಹಿಡಿಯುವ ಸಿಡಿ16 ಕೂಡ ಹೇರಳವಾಗುತ್ತದೆ.

ಪ್ರಶ್ನೆ: ತಡೆಯುವವರೇ ಇಲ್ಲದಿದ್ದರೆ ಹಂತಕ ಇನ್ನಷ್ಟು ಚುರುಕಾಗುವುದಿಲ್ಲವೇ?

ಕೆಐಆರ್: ಮೇಲಧಿಕಾರಿಗಳಿಗೆಲ್ಲ ಇದೇ ಭ್ರಮೆ. ದೇಹದ ಸ್ವಂತ ಎಚ್‌ಎಲ್‌ಎಯನ್ನು ಗುರುತಿಸಬಲ್ಲ ತಡೆಗ್ರಾಹಿ ಒಂದೂ ಇಲ್ಲದ ಕೋಶವು ಸಾಮಾನ್ಯವಾಗಿ ಮಂಕಾಗಿಯೇ ಉಳಿಯುತ್ತದೆ. ಗ್ರಾಹಿಯ ಮೂಲಕ ಸ್ವಂತದವರನ್ನು ಅರಿತ ಕೋಶಕ್ಕೇ ದಾಳಿಯ ಪೂರ್ಣ ಸಾಮರ್ಥ್ಯ ದಕ್ಕುತ್ತದೆ. ಇದನ್ನು ವಿಜ್ಞಾನಿಗಳು ಹಂತಕ ಕೋಶದ ಶಿಕ್ಷಣವೆನ್ನುತ್ತಾರೆ.

ಪ್ರಶ್ನೆ: ಗ್ರಾಹಿಯ ದೂರು ಏನಾದರೂ ಇದೆಯೇ?

ಕೆಐಆರ್: ಕಾರ್ಡು ಕೊಡುವ ಎಚ್‌ಎಲ್‌ಎ ಜೀನುಗಳು 6ನೇ ವರ್ಣತಂತುವಿನಲ್ಲಿ, ಕಾರ್ಡು ನೋಡುವ ಕೆಐಆರ್ ಜೀನುಗಳು 19ನೆಯದರಲ್ಲಿ ಇವೆ. ಎರಡೂ ಬೇರೆಬೇರೆಯಾಗಿ ವಂಶಪಾರಂಪರ್ಯವಾಗಿ ಬರುವುದರಿಂದ, ಕೆಲವು ಗ್ರಾಹಿಗಳು ಆ ದೇಹದಲ್ಲಿ ಇಲ್ಲವೇ ಇಲ್ಲದ ಕಾರ್ಡಿಗಾಗಿ ಜೀವನವಿಡೀ ಕಾಯುತ್ತವೆ.

ಸಂದರ್ಶನದಿಂದ ಹೊರಡುವ ತೀರ್ಮಾನ ಇಷ್ಟೇ: ತನ್ನವರನ್ನು ಗುರುತಿಸಲು ಕಲಿಯದ ಕಾವಲು ಶತ್ರುವಿನ ಎದುರಿಗೂ ಕೆಲಸಕ್ಕೆ ಬರುವುದಿಲ್ಲ.