ಸಿಂಕಿನ ಕೆಳಗಿನ ಮನೆ ಅಳಿಯ

ಆರ್‌ಓ ಯಂತ್ರವೆಂದರೆ ಮನೆ ಅಳಿಯನಿದ್ದ ಹಾಗೆ. ಬರುವಾಗ ಭಾರೀ ಗುಣಗಾನ. ಬಂದ ಮೇಲೆ ಉಪಚಾರದಲ್ಲಿ ಒಂದಿಷ್ಟೂ ಕಡಿಮೆಯಾಗುವಂತಿಲ್ಲ. ಒಂದು ಲೀಟರ್ ಶುದ್ಧ ನೀರು ಕೊಡಬೇಕಾದರೆ ಮೂರು ಲೀಟರ್ ಚೆಲ್ಲುತ್ತದೆ. ಯಾಕಪ್ಪಾ ಅಂದರೆ ಗುರ್ ಅನ್ನುತ್ತದೆ.

ಇದರ ಸಂಬಂಧ ಕುದುರಿಸಲು ಮೊದಲು ಬಂದವನು ಟೈ ಕಟ್ಟಿದ ಒಬ್ಬ ಹುಡುಗ. ಒಂದು ಲೋಟದಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವನು ತಂದ ಶುದ್ಧ ನೀರು ಇಟ್ಟು, ಎರಡಕ್ಕೂ ಲೋಹದ ಕಡ್ಡಿ ಇಳಿಬಿಟ್ಟು ಕರೆಂಟ್ ಹಾಕಿದ. ನೋಡನೋಡುತ್ತ ನಮ್ಮದು ಚರಂಡಿ ನೀರಾಯಿತು, ಅವನದು ತಿಳಿಯಾಗಿಯೇ ಉಳಿಯಿತು. "ಇಷ್ಟು ದಿನ ಇದನ್ನೇ ಕುಡೀತಿದ್ರಿ ಸಾರ್" ಎಂದು ಸಂತಾಪ ಸೂಚಿಸಿದ. ಪಿಯುಸಿ ಓದುತ್ತಿದ್ದ ಮಗಳು ಅಡುಗೆಮನೆಯಿಂದ ಚಿಟಿಕೆ ಉಪ್ಪು ತಂದು ಅವನ ಶುದ್ಧ ನೀರಿಗೆ ಉದುರಿಸಿ, "ಈಗ ಹಾಕಿ ಅಂಕಲ್" ಅಂದಳು. ಅದೂ ಚರಂಡಿಯಾಯಿತು. ನೀರಲ್ಲಿ ಲವಣವಿದ್ದರೆ ಕರೆಂಟು ಹರಿಯುತ್ತದೆ, ಕಬ್ಬಿಣದ ಕಡ್ಡಿ ಕರಗಿ ಬಣ್ಣ ಬಿಡುತ್ತದೆ. ಕೊಳೆಗೂ ಅದಕ್ಕೂ ಸಂಬಂಧವಿಲ್ಲ. ಹುಡುಗನಿಗೆ ಉಪ್ಪಿಗಿಂತ 'ಅಂಕಲ್' ಹೆಚ್ಚು ನಾಟಿತೆಂದು ಕಾಣುತ್ತದೆ, ಕಾಫಿಗೂ ನಿಲ್ಲದೆ ಹೊರಟ.

ಆಮೇಲೆ ಬೇರೆ ಕಡೆಯಿಂದ ಆರ್‌ಓ ಕೊಂಡೆವು ಅನ್ನಿ. ನಲ್ಲಿಗೆ ಕಾವೇರಿ ನೀರು ಬರುವ ದಿನ ಅದರ ಅಗತ್ಯವೇ ಇಲ್ಲ. ಆದರೆ ಬೇಸಿಗೆಯಲ್ಲಿ ಸಂಪಿನಲ್ಲಿ ಬೋರ್‌ವೆಲ್ ನೀರು ಬೆರೆತರೆ ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಲವಣದ ಲೆಕ್ಕ, ಸಾವಿರ ದಾಟುತ್ತದೆ, ತೊಗರಿಬೇಳೆ ಬೇಯುವುದಿಲ್ಲ. ಬಿಐಎಸ್ ಮಾನದಂಡದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು; ಬೇರೆ ನೀರೇ ಸಿಗದಿದ್ದರೆ 2000ದವರೆಗೆ ಸೈರಿಸಿಕೊಳ್ಳಬಹುದು. ಬೇಳೆ ಈ ವಿನಾಯಿತಿಗೆ ಒಪ್ಪಲಿಲ್ಲ.

ಒಂದು ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೊದಲ ಲೋಟಕ್ಕೆ ಜೋರಾಗಿ ಬಂದ ನೀರು ಎರಡನೆಯದಕ್ಕೆ ಸಣ್ಣಗಾಗಿ, ಮೂರನೆಯದಕ್ಕೆ ತೊಟ್ಟಿಕ್ಕತೊಡಗಿತು. "ರೀ, ಕುಕ್ಕರಿಗೆ ನೀರು ತುಂಬೋದರಲ್ಲಿ ಮಧ್ಯಾಹ್ನ ಆಗುತ್ತೆ" ಎಂದು ಒಳಗಿಂದ ಎಚ್ಚರಿಕೆ ಬಂತು. ಸರ್ವೀಸಿನವನನ್ನು ಕರೆಸಿದೆ. ಅವನು ಚಪ್ಪಲಿ ಬಿಡುತ್ತಲೇ "ಮೆಂಬ್ರೇನ್ ಹೋಗಿದೆ ಸಾರ್" ಅಂದ. ಮೆಂಬ್ರೇನ್ ಅಂದರೆ ಲವಣ ತಡೆಯುವ ಪೊರೆ. ಯಂತ್ರ ಇನ್ನೂ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಪಂಪ್ ಸದ್ದು ಮಾಡಿದರೂ ಮೆಂಬ್ರೇನ್, ಮಾಡದಿದ್ದರೂ ಮೆಂಬ್ರೇನ್. ಎರಡು ಸಾವಿರಕ್ಕೆ ಮೇಲ್ಪಟ್ಟ ಕಾಯಿಲೆ ಅದೊಂದೇ ಇರಬೇಕು. ಟಿಡಿಎಸ್ ಮೀಟರನ್ನು ಲೋಟಕ್ಕೆ ಅದ್ದಿದಾಗ 60 ತೋರಿಸಿತು. ಮೆಂಬ್ರೇನ್ ಹರಿದಿದ್ದರೆ ಈ ಅಂಕಿ ಏರಬೇಕಿತ್ತಲ್ಲ ಅಂದೆ. "ಹರಿದಿಲ್ಲ ಸಾರ್, ಕಟ್ಟಿಕೊಂಡಿದೆ" ಎಂದು ಅರೆಗಳಿಗೆಯಲ್ಲಿ ರೋಗ ಬದಲಿಸಿದ.

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು ಪೇಪರ್ ಕೇಳಲು ಬಂದವರು ಪೇಪರ್ ಮರೆತು ಸಿಂಕಿನ ಕೆಳಗೆ ಬಗ್ಗಿದರು. ಸಮುದ್ರದ ನೀರಿನಿಂದ ಉಪ್ಪು ಬಿಡಿಸಲೆಂದು ಲಾಸ್ ಏಂಜಲೀಸಿನಲ್ಲಿ ಸಿಡ್ನಿ ಲೋಬ್ ಜೊತೆ ಈ ಪೊರೆಯನ್ನು ಪಳಗಿಸಿದವರು ನಮ್ಮ ದೇಶದ ಶ್ರೀನಿವಾಸ ಸೌರಿರಾಜನ್ ಎಂಬ ಸಂಗತಿಯನ್ನು ಬಗ್ಗಿದ ಭಂಗಿಯಲ್ಲೇ ಹೇಳಿ, ಟ್ಯಾಂಕಿಗೆ ಕೈ ಹಾಕಿದರು. ಅದು ಅಲ್ಲಾಡಲಿಲ್ಲ. "ನೋಡಿ ಸ್ವಾಮಿ, ಮೆಂಬ್ರೇನ್ ಕಟ್ಟಿಕೊಂಡಿದ್ರೆ ಟ್ಯಾಂಕ್ ತುಂಬ್ತಿರಲಿಲ್ಲ. ಇದು ಭಾರವಾಗಿದೆ, ಅಂದ್ರೆ ನೀರಿದೆ. ಇದ್ದೂ ಬರ್ತಿಲ್ಲ ಅಂದ್ರೆ ನೂಕೋರಿಲ್ಲ."

ಸಿಂಕಿನ ಕೆಳಗಿನ ಈ ಉಕ್ಕಿನ ಟ್ಯಾಂಕಿನೊಳಗೆ ಒಂದು ರಬ್ಬರ್ ಚೀಲವಿದೆ. ಚೀಲದೊಳಗೆ ನೀರು, ಹೊರಗೆ ಗಾಳಿ. ಮೇಲಿನ ನಲ್ಲಿಗೆ ನೀರನ್ನು ಹತ್ತಿಸುವುದು ಆ ಗಾಳಿಯೇ. ವರ್ಷಗಳು ಕಳೆದಂತೆ ಅದು ಸದ್ದಿಲ್ಲದೆ ಸೋರಿಹೋಗುತ್ತದೆ. ಟ್ಯಾಂಕಿನ ತಳದ ಪಕ್ಕದಲ್ಲಿ ಪುಟ್ಟ ಪ್ಲಾಸ್ಟಿಕ್ ಮುಚ್ಚಳದಡಿ ಗಾಳಿಯ ವಾಲ್ವ್ ಅಡಗಿದೆ. ನಮ್ಮ ಹಳೇ ಸೈಕಲ್ ಪಂಪಿನ ಮೂತಿ ಅದಕ್ಕೆ ಕೂರಲಿಲ್ಲ. ಬೈಕಿನ ಟೈರಿಗೆ ಗಾಳಿ ಹೊಡೆಯುವ ಪಂಪ್ ಸರಿಯಾಗಿ ಕಚ್ಚಿಕೊಂಡಿತು. ಯಂತ್ರದ ಸ್ವಿಚ್ ತೆಗೆದು, ಒಳಬರುವ ನೀರು ನಿಲ್ಲಿಸಿ, ಕುಡಿಯುವ ನಲ್ಲಿ ತೆರೆದಿಟ್ಟು ಮೇಷ್ಟ್ರು ಒಂದೊಂದೇ ಸಲ ತುಳಿದರು. ಪ್ರತಿ ತುಳಿತಕ್ಕೂ ಮೇಲೆ ನಲ್ಲಿ ಬುಳಕ್ಕೆಂದು ನೀರು ಉಗುಳಿತು. ಹೆಂಡತಿ ಬಿಂದಿಗೆ ಹಿಡಿದಳು, ಅದು ತುಂಬಿತು. ಸರ್ವೀಸಿನವನು ತನ್ನ ಮೆಂಬ್ರೇನನ್ನು ಮಾತಿಲ್ಲದೆ ಚೀಲಕ್ಕೆ ಸೇರಿಸಿದ. ಪಾಪ, ಬಂದ ಖರ್ಚು ಕೊಟ್ಟು ಕಳಿಸಿದೆ.

ಖಾಲಿ ಟ್ಯಾಂಕಿನಲ್ಲಿ ಗಾಳಿ ಏಳೆಂಟು ಪಿಎಸ್‌ಐ ಇದ್ದರೆ ಸಾಕು. ಟೈರಿನ ಲೆಕ್ಕದಲ್ಲಿ ಮೂವತ್ತು ಹೊಡೆದರೆ ಚೀಲದೊಳಗೆ ನೀರು ಹೋಗಲು ಜಾಗವೇ ಉಳಿಯದು.

ನಿಮ್ಮ ಮನೆಯಲ್ಲೂ ಸಿಂಕಿನ ಕೆಳಗೆ ಇಂಥದೇ ಟ್ಯಾಂಕ್ ಇದ್ದರೆ, ಮೆಂಬ್ರೇನಿಗೆ ದುಡ್ಡು ಎಣಿಸುವ ಮುನ್ನ ಅದನ್ನೊಮ್ಮೆ ಎತ್ತಿ ನೋಡಿ. ಹಗುರವಾಗಿದ್ದರೆ ಫಿಲ್ಟರ್, ಪಂಪ್, ಮೆಂಬ್ರೇನ್ ಕಡೆ ಹುಡುಕಿ. ಭಾರವಾಗಿದ್ದರೆ ಬೈಕಿನ ಪಂಪ್ ತನ್ನಿ. ಗಾಳಿಯ ವಾಲ್ವನ್ನು ಒತ್ತಿದಾಗ ಗಾಳಿಯ ಬದಲು ನೀರು ಚಿಮ್ಮಿದರೆ ಮಾತ್ರ ಒಳಚೀಲ ಹರಿದಿದೆ; ಟ್ಯಾಂಕನ್ನೇ ಬದಲಿಸಬೇಕು.